ಅಟ್ಟಾರಿಯ ಗಡಿಬಾಗಿಲು

ಗಡಿಯ ಬಾಗಿಲನ್ನು ಕಾಯುವವನ ಕರ್ತವ್ಯವೇನೆಂಬುದನ್ನು ಪೂರ್ವಿಕರು ಬಹುಕಾಲದ ಹಿಂದೆಯೇ ವಿಚಾರಿಸಿದ್ದರು. ಮೈಸೂರಿನಲ್ಲಿ ಶಾಮಶಾಸ್ತ್ರಿಗಳು ಶೋಧಿಸಿ ೧೯೦೯ರಲ್ಲಿ ಮುದ್ರಣಕ್ಕೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಂತಪಾಲನೆಂಬ ಗಡಿಯ ಅಧಿಕಾರಿಯ ಪ್ರಸ್ತಾಪವಿದೆ. ಸರಕು ತುಂಬಿದ ಬಂಡಿಗೆ ಒಂದೂಕಾಲು ಪಣ, ಹೆಗಲಹೊರೆಗೆ ಒಂದು ಮಾಷ, ಹೀಗೆ ದಾರಿಯ ಸುಂಕವನ್ನು ಅವನು ಎತ್ತತಕ್ಕುದು. ಪರದೇಶದ ವರ್ತಕರ ಸರಕಿನಲ್ಲಿ ಉತ್ತಮವಾವುದು, ಸಾಮಾನ್ಯವಾವುದು ಎಂದು ಪರೀಕ್ಷಿಸಿ, ಗುರುತನ್ನೂ ಮುದ್ರೆಯನ್ನೂ ಕೊಟ್ಟು, ಶುಲ್ಕಾಧ್ಯಕ್ಷನಲ್ಲಿಗೆ ಕಳುಹಿಸತಕ್ಕುದು. ಇವೆರಡರ ಜೊತೆಗೆ ಇನ್ನೊಂದು ವಿಧಿಯೂ ಉಂಟು: ದಾರಿಯಲ್ಲಿ ಕಳೆದುಹೋದುದನ್ನೂ ಕಳವಾದುದನ್ನೂ ಅವನೇ ತುಂಬಿಕೊಡತಕ್ಕುದು. ಸುಂಕವು ರಕ್ಷಣೆಯ ಪ್ರತಿಫಲವೇ ಹೊರತು ಬರಿಯ ವಸೂಲಿಯಲ್ಲವೆಂಬುದು ಇದರ ತಾತ್ಪರ್ಯ. ಪಂಜಾಬಿನ ಅಟ್ಟಾರಿಯ ಗಡಿಬಾಗಿಲಿನ ಚರಿತ್ರೆಯನ್ನು ಈ ಸೂತ್ರವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಉಚಿತವಾಗಿದೆ.

ಅಮೃತಸರದಿಂದ ಲಾಹೋರಿಗೆ ಸುಮಾರು ೫೦ ಕಿಲೋಮೀಟರುಗಳ ಹಾದಿ. ಬಂಗಾಳದಿಂದ ಪೇಶಾವರದ ಕಡೆಗೆ ಸಾಗುವ ಪುರಾತನ ಹೆದ್ದಾರಿಯ ಒಂದು ತುಂಡು ಇದು. ೧೯೪೭ರ ಆಗಸ್ಟ್ ೧೭ರಂದು ರ‍್ಯಾಡ್‌ಕ್ಲಿಫರ ನಿರ್ಣಯವು ಪ್ರಕಟವಾಗಲು, ಗೆರೆಯು ಈ ದಾರಿಯನ್ನು ಅಡ್ಡಲಾಗಿ ಕತ್ತರಿಸಿತು. ಅತ್ತಣ ವಾಘಾ ಪಾಕಿಸ್ತಾನಕ್ಕೂ ಇತ್ತಣ ಅಟ್ಟಾರಿ ಭಾರತಕ್ಕೂ ಸೇರಿದುವು. ೧೯೬೫ರ ಯುದ್ಧವು ವ್ಯಾಪಾರವನ್ನು ವರ್ಷಗಟ್ಟಲೆ ನಿಲ್ಲಿಸಿತು.

ಮುಂದೆ ವ್ಯಾಪಾರವು ಮತ್ತೆ ನಡೆಯತೊಡಗಿದಾಗಲೂ ಬಂಡಿಗೆ ಗೆರೆಯನ್ನು ದಾಟುವ ಅಪ್ಪಣೆಯಿರಲಿಲ್ಲ. ಬೇರೆ ಬೇರೆ ಬಣ್ಣದ ಅಂಗಿಯನ್ನು ತೊಟ್ಟ ಇಬ್ಬದಿಯ ಹಮಾಲರು ಗೆರೆಯ ಬಳಿಯಲ್ಲಿ ಎದುರುಬದುರಾಗಿ ನಿಂತು, ಒಬ್ಬನ ತಲೆಯ ಮೂಟೆಯನ್ನು ಇನ್ನೊಬ್ಬನ ತಲೆಗೆ ದಾಟಿಸುತ್ತಿದ್ದರು. ೨೦೦೭ರ ಅಕ್ಟೋಬರಿನಲ್ಲಿ ಮೊದಲ ಲಾರಿಗಳು ಗಡಿಯನ್ನು ದಾಟಿದುವು. ಆದರೆ ಸಾಯಂಕಾಲ ಪತಾಕೆಯನ್ನಿಳಿಸುವ ಸೈನಿಕರ ಕವಾಯತು ನಡೆಯುತ್ತಿದ್ದುದೂ, ಸರಕು ಸಾಗುತ್ತಿದ್ದುದೂ ಒಂದೇ ಬಾಗಿಲಲ್ಲಿ. ಪ್ರೇಕ್ಷಕರು ಸೇರುವ ಹೊತ್ತಿಗೆ ವರ್ತಕರು ಹಿಂದೆಗೆಯಬೇಕಾಗಿತ್ತು.

ಈ ಇಕ್ಕಟ್ಟನ್ನು ನೀಗುವುದಕ್ಕಾಗಿಯೇ ದೊಡ್ಡ ಕಟ್ಟಡದ ಯೋಜನೆ ಹುಟ್ಟಿತು. ೨೦೧೦ರಲ್ಲಿ ಭೂಬಂದರುಗಳ ಪ್ರಾಧಿಕಾರದ ಕಾಯಿದೆಯಾಯಿತು. ೨೦೧೨ರ ಮಾರ್ಚಿಯಲ್ಲಿ ಪ್ರಾಧಿಕಾರವು ಸ್ಥಾಪಿತವಾಯಿತು. ಅದೇ ವರ್ಷ ಏಪ್ರಿಲ್ ೧೩ರಂದು, ಪಂಜಾಬಿಗರ ವೈಶಾಖಿ ಹಬ್ಬದ ದಿನ, ಆಗಿನ ಗೃಹಮಂತ್ರಿಗಳಾದ ಪಿ. ಚಿದಂಬರಂ ಅವರು ಅಟ್ಟಾರಿಯ ಸಂಯುಕ್ತ ತಪಾಸಣಾ ಠಾಣೆಯನ್ನು ಉದ್ಘಾಟಿಸಿದರು. ಸುಮಾರು ೧೨೦ ಎಕರೆಗಳ ಆವರಣ. ಸರಕಿನ ಲಾರಿಗಳಿಗೆ ಪ್ರತ್ಯೇಕ ಬಾಗಿಲು. ಉಗ್ರಾಣ, ತೂಕದ ಕಟ್ಟೆ, ಪ್ರಯಾಣಿಕರ ಶಾಲೆ. ಸುಂಕದವರೂ ಪ್ರವಾಸಿಗಳ ಪರೀಕ್ಷಕರೂ ಒಂದೇ ಅಂಗಳದಲ್ಲಿ. ಇತ್ತಣಿಂದ ತರಕಾರಿ, ಹತ್ತಿಯ ನೂಲು. ಅತ್ತಣಿಂದ ಸಿಮೆಂಟು, ಜಿಪ್ಸಮ್, ಒಣಹಣ್ಣುಗಳು. ತಲೆಯಿಂದ ತಲೆಗೆ ಮೂಟೆ ದಾಟಿಸುವುದು ತಪ್ಪಿತಾದರೂ, ಬಂದ ಸರಕನ್ನು ಒಂದು ಲಾರಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸುವ ಕೆಲಸವು ಹಮಾಲರದೇ ಆಗಿದ್ದು, ಸುತ್ತಣ ಹಳ್ಳಿಗಳ ನೂರಾರು ಸಂಸಾರಗಳಿಗೆ ಜೀವನೋಪಾಯವಾಯಿತು.

ಏಳು ವರ್ಷಗಳೂ ತುಂಬುವುದರೊಳಗೆ ಗಾಳಿ ತಿರುಗಿತು. ೨೦೧೯ರ ಫೆಬ್ರವರಿಯಲ್ಲಿ ಪುಲ್ವಾಮಾದ ಘಾತವಾದ ತರುವಾಯ ಭಾರತವು ಪಾಕಿಸ್ತಾನದ ಸರಕುಗಳ ಮೇಲೆ ನೂರಕ್ಕೆ ೨೦೦ರಂತೆ ಸುಂಕವನ್ನು ವಿಧಿಸಿತು. ಅದೇ ಆಗಸ್ಟಿನಲ್ಲಿ ಪಾಕಿಸ್ತಾನವು ವ್ಯಾಪಾರವನ್ನೇ ನಿಲ್ಲಿಸಿತು. ಆಫ್ಘಾನಿಸ್ತಾನದ ಒಣಹಣ್ಣಿನ ಲಾರಿಗಳು ಮಾತ್ರ ಬರುತ್ತಿದ್ದುವು. ೨೦೨೫ರ ಏಪ್ರಿಲಿನಲ್ಲಿ ಪಹಲ್ಗಾಮಿನ ಹತ್ಯಾಕಾಂಡವು ನಡೆಯಲಾಗಿ, ಠಾಣೆಯನ್ನು ಮುಚ್ಚುವ ಆಜ್ಞೆ ಹೊರಟಿತು. ಗೋಡೆಯಲ್ಲಿ ಒಂದು ಇಟ್ಟಿಗೆಯೂ ಕದಲಿರಲಿಲ್ಲ, ತಕ್ಕಡಿಯೂ ಕೆಟ್ಟಿರಲಿಲ್ಲ. ಹೊರುವವನಿಗೆ ಹೊರೆಯೇ ಇಲ್ಲವಾಯಿತು.

ಪೂರ್ವದ ಗಡಿಯಲ್ಲಿಯೂ ಇದೇ ಮಾತಿಗೆ ಸಾಕ್ಷಿಯಿದೆ. ಭಾರತಕ್ಕೂ ಬಾಂಗ್ಲಾದೇಶಕ್ಕೂ ನಡೆಯುವ ಭೂವ್ಯಾಪಾರದ ಬಹುಭಾಗಕ್ಕೆ ಹಾದಿಯಾದ ಪೆಟ್ರಾಪೋಲಿನಲ್ಲಿ ೨೦೧೬ರಲ್ಲಿ ಇಂತಹುದೇ ಠಾಣೆಯೂ, ೨೦೨೪ರ ಅಕ್ಟೋಬರಿನಲ್ಲಿ ಪ್ರಯಾಣಿಕರ ಹೊಸ ಶಾಲೆಯೂ ‘ಮೈತ್ರಿ ದ್ವಾರ’ವೆಂಬ ಸರಕಿನ ಬಾಗಿಲೂ ಆದುವು. ಲಾರಿಗಳು ದಿನಗಟ್ಟಲೆ ಸಾಲುಗಟ್ಟಿ ನಿಲ್ಲುತ್ತಿದ್ದ ಸ್ಥಳಕ್ಕೆ ಇವು ಅವಶ್ಯವಾಗಿಯೇ ಬೇಕಾಗಿದ್ದುವು. ಆದರೂ ೨೦೨೫ರ ಮೇ ತಿಂಗಳಿನಲ್ಲಿ, ಬಾಂಗ್ಲಾದೇಶದ ಸಿದ್ಧ ಉಡುಪುಗಳು ಭೂಮಾರ್ಗವಾಗಿ ಬರಕೂಡದೆಂದು ಹೊರಟ ಒಂದು ಆಜ್ಞೆಯಿಂದ ಆ ವಿಶಾಲವಾದ ಬಾಗಿಲೂ ಅಷ್ಟರಮಟ್ಟಿಗೆ ಕಿರಿದಾಯಿತು.

ಇದರಿಂದ ಬಾಗಿಲನ್ನು ದೊಡ್ಡದು ಮಾಡಿದುದೇ ವ್ಯರ್ಥವೆಂದು ತಿಳಿಯಲಾಗದು. ಇಕ್ಕಟ್ಟಾದ ಬಾಗಿಲಲ್ಲಿ ತರಕಾರಿ ಕೊಳೆಯುತ್ತದೆ, ಕಾಲ ಹರಣವಾಗುತ್ತದೆ, ಲಂಚಕ್ಕೂ ಕಳವಿಗೂ ಎಡೆಯಾಗುತ್ತದೆ. ಆದರೆ ಶಿಲ್ಪಿಯು ಅಗಲಿಸಬಲ್ಲುದು ದಾರಿಯನ್ನು ಮಾತ್ರ. ಕದವನ್ನು ತೆರೆಯುವುದೂ ಮುಚ್ಚುವುದೂ ಎರಡು ಕಡೆಯ ಪ್ರಭುಗಳ ಇಚ್ಛೆ. ದೇಶದ ರಕ್ಷಣೆಗಾಗಿ ಕದವಿಕ್ಕಬೇಕಾದ ಕಾಲವೂ ಬರುವುದುಂಟು. ಅದನ್ನು ಕೌಟಿಲ್ಯನೂ ಅಲ್ಲಗಳೆಯನು. ಬಂಡಿಯಿಂದ ಕಳೆದುಹೋದ ಸರಕನ್ನು ಅಂತಪಾಲನು ತುಂಬಿಕೊಡಬೇಕೆಂದು ವಿಧಿಸಿದವನು ಅವನು. ಬಾಗಿಲನ್ನು ನಂಬಿ ಬದುಕಿದವನ ಕೂಲಿ ಕಳೆದುಹೋದಾಗ ಅದನ್ನು ತುಂಬಿಕೊಡತಕ್ಕವರು ಯಾರೆಂಬುದನ್ನೂ, ಠಾಣೆಯ ನಕ್ಷೆಯನ್ನು ಬರೆಯುವ ದಿನವೇ ಗೊತ್ತುಮಾಡುವುದು ರಾಜನೀತಿಗೆ ಒಪ್ಪುವ ಮಾತು. ಅಟ್ಟಾರಿಯ ಹಮಾಲರ ಪಾಲಿಗೆ ಅಂತಹ ವಿಧಿಯೊಂದು ಬರೆದಿಡಲ್ಪಟ್ಟಿದ್ದರೆ, ಆ ೧೨೦ ಎಕರೆಗಳ ಆವರಣವು ನಿಜವಾಗಿಯೂ ವಿಸ್ತಾರವಾದುದೆನಿಸುತ್ತಿತ್ತು.