ಲೀ-ಎನ್‌ಫೀಲ್ಡ್ ರೈಫಲ್: ಮುಂಬಯಿಯಲ್ಲಿ ರೂಪಾಂತರ ಮತ್ತು ಜೀರ್ಣೋದ್ಧಾರ

ಸೈನ್ಯಕ್ಕಾಗಿ ನಿರ್ಮಿತವಾಗಿ, ಕಾಲಾಂತರದಲ್ಲಿ ನಳಿಗೆಯ ಮೇಲ್ಹೊದಿಕೆಯನ್ನೂ ಬಯೊನೆಟ್ ಸಿಕ್ಕಿಸುವ ಲೋಹದ ಮೂತಿಯನ್ನೂ ಕಳೆದುಕೊಂಡು, ಬೇಟೆಗಾರನ ಹೆಗಲಿಗೆ ಹಗುರವಾಗುವಂತೆ ಮಾರ್ಪಟ್ಟ ರೈಫಲನ್ನು ಪೂರ್ವಸ್ವರೂಪಕ್ಕೆ ತರುವ ಕಾರ್ಯವು ಬ್ರಿಟನ್, ಕೆನಡಾ, ಅಮೆರಿಕಗಳ ಸಂಗ್ರಾಹಕರಲ್ಲಿ ಚಿರಪರಿಚಿತವಾದ ಹವ್ಯಾಸ. ಮುಂಬಯಿಯಲ್ಲಿ ಅದರ ಚರಿತ್ರೆ ಬೇರೆಯೇ ಆಗಿದೆ. ಇಲ್ಲಿ ರೈಫಲಿನ ಆಕಾರವನ್ನು ನಿರ್ಣಯಿಸಿದ್ದು ಕುಶಲಕರ್ಮಿಯ ಉಳಿಗಿಂತ ಮಿಗಿಲಾಗಿ ಸರ್ಕಾರದ ಶಾಸನ.

ಜೇಮ್ಸ್ ಪ್ಯಾರಿಸ್ ಲೀ ಕಲ್ಪಿಸಿದ ಬೋಲ್ಟ್ ಮತ್ತು ಎನ್‌ಫೀಲ್ಡ್ ಕಾರ್ಖಾನೆಯ ನಳಿಗೆಗಳ ಸಂಯೋಗದಿಂದ 1895ರಲ್ಲಿ ಹುಟ್ಟಿದ ಈ ಆಯುಧದ ಮೊಟಕು ಮಾದರಿಯು 1907ರ ಪರಿಷ್ಕರಣದಿಂದ ಸ್ಥಿರರೂಪವನ್ನು ಪಡೆದು, ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿಯೂ ತಯಾರಾಗಿ, ಸ್ವಾತಂತ್ರ್ಯಾನಂತರ ಪೋಲೀಸರ ಕೈಗಳಲ್ಲಿ ದಶಕಗಳ ಕಾಲ ಉಳಿಯಿತು. ನಳಿಗೆಯ .303 ಅಂಗುಲ ವ್ಯಾಸದಿಂದಾಗಿ ಜನ ಇದನ್ನು 'ತ್ರೀ ನಾಟ್ ತ್ರೀ' ಎಂದೇ ಬಲ್ಲರು. 2008ರ ನವೆಂಬರ್ 26ರ ರಾತ್ರಿ ಮುಂಬಯಿಯ ಛತ್ರಪತಿ ಶಿವಾಜಿ ಟರ್ಮಿನಸ್ ರೈಲು ನಿಲ್ದಾಣದಲ್ಲಿ ಭಯೋತ್ಪಾದಕರ ಸ್ವಯಂಚಾಲಿತ ರೈಫಲುಗಳಿಗೆ ಎದುರಾದ ಕೆಲವು ಪೋಲೀಸರ ಬಳಿ ಇದ್ದುದೂ ಇದೇ. ಆ ರಾತ್ರಿಯ ಬಳಿಕ ಅದರ ನಿವೃತ್ತಿಗೆ ಬೇರೆ ವಾದ ಬೇಕಾಗಲಿಲ್ಲ.

ಸೈನಿಕರ ಕಾಡತೂಸು ನಾಗರಿಕರ ಕೈಸೇರಬಾರದೆಂಬ ಬ್ರಿಟಿಷರ ಶಂಕೆ ಇನ್ನೊಂದು ಸಂತತಿಗೆ ಕಾರಣವಾಯಿತು. ಬಿ.ಎಸ್.ಎ. ಮುಂತಾದ ಬ್ರಿಟಿಷ್ ಬಂದೂಕು ತಯಾರಿಕಾ ಸಂಸ್ಥೆಗಳು ಲೀಯ ಯಂತ್ರಭಾಗಕ್ಕೆ .303ರ ಬದಲು .315 ಅಂಗುಲ ವ್ಯಾಸದ ನಳಿಗೆಯನ್ನು ಜೋಡಿಸಿ, ಅರ್ಧ ಮರದ ಬೇಟೆ-ರೈಫಲುಗಳನ್ನು ಭಾರತಕ್ಕೆ ಕಳುಹಿದವು. ಮುಂದೆ ಇಶಾಪುರವೂ ಅದೇ ಮಾರ್ಗವನ್ನು ಹಿಡಿಯಿತು. ಮುಂಬಯಿಯಲ್ಲಿ ಅಂದು ಶಿಕಾರಿಯೂ ಪ್ರಕೃತಿಶೋಧಕನೂ ಅನೇಕವೇಳೆ ಒಬ್ಬನೇ ಆಗಿದ್ದನೆಂಬುದಕ್ಕೆ, 1883ರಲ್ಲಿ ಇಲ್ಲಿ ಸ್ಥಾಪಿತವಾದ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯ ಹಳೆಯ ಸಂಚಿಕೆಗಳೇ ಸಾಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದೊಡನೆ ಬೇಟೆಯ ಆ ಯುಗ ಮುಗಿಯಿತು.

ಹೀಗೆ ಎರಡು ಸಂತತಿಗಳಿರುವುದರಿಂದ ಜೀರ್ಣೋದ್ಧಾರಕನು ಮೊದಲು ವಿವೇಚಿಸಬೇಕಾದುದು, ತನ್ನೆದುರಿನ ವಸ್ತು ಸೈನ್ಯದಿಂದ ಬಂದು ಅಂಗಚ್ಛೇದಗೊಂಡದ್ದೋ, ಬೇಟೆಗೆಂದೇ ಜನಿಸಿದ್ದೋ ಎಂಬುದನ್ನು. ಮೊದಲನೆಯದಕ್ಕೆ ಅದೇ ಕಾಲದ, ಅದೇ ಕಾರ್ಖಾನೆಯ ಮರವನ್ನೂ ಪಟ್ಟಿಗಳನ್ನೂ ಹುಡುಕಿ, ಬೋಲ್ಟಿನ ಮೇಲಿನ ಸಂಖ್ಯೆಯು ಒಡಲಿನ ಸಂಖ್ಯೆಗೆ ಹೊಂದುವುದೇ ಎಂದು ಪರೀಕ್ಷಿಸಿ, ಮರಕ್ಕೆ ಮೆರುಗೆಣ್ಣೆ ಬಳಿಯದೆ ಅಗಸೆ ಎಣ್ಣೆಯನ್ನಷ್ಟೇ ಕುಡಿಸುವುದು ಸಂಪ್ರದಾಯ. ಇಶಾಪುರದ ಅನೇಕ ಪ್ರತಿಗಳಲ್ಲಿ ಮುಂಭಾಗದ ಮರವನ್ನು ಅಡ್ಡಲಾಗಿ ಬಿಗಿದಿರುವ ಬಲವರ್ಧಕ ತಿರುಪು ಕುಂದಲ್ಲ, ಕುಲಚಿಹ್ನೆ; ಅದನ್ನು ಕೀಳಬಾರದು. ಎರಡನೆಯದಕ್ಕೆ ಸೈನಿಕ ವೇಷವನ್ನು ತೊಡಿಸುವುದು ಜೀರ್ಣೋದ್ಧಾರವಲ್ಲ, ಕೂಟಸೃಷ್ಟಿ. ಸ್ವಾತಂತ್ರ್ಯಪೂರ್ವದ .315 ರೈಫಲು ಸಾಮ್ರಾಜ್ಯದ ಭಯವನ್ನು ಉಕ್ಕಿನಲ್ಲಿ ಬರೆದಿಟ್ಟ ದಾಖಲೆಯಾದುದರಿಂದ ಅದು ಇದ್ದಂತೆಯೇ ಉಳಿಯತಕ್ಕದ್ದು.

ಇಂದಿನ ಶಾಸನವೂ ಇಲ್ಲಿ ಕಠಿನವೇ. 1959ರ ಆಯುಧ ಅಧಿನಿಯಮದ ಆರನೆಯ ಪ್ರಕರಣವು, 2019ರ ತಿದ್ದುಪಡಿಯ ಅನಂತರ, ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಪರವಾನಗಿಯಿಲ್ಲದೆ ಮಾರ್ಪಡಿಸುವುದನ್ನು ನಿಷೇಧಿಸಿದೆ; .303 ನಿಷಿದ್ಧ ವ್ಯಾಸಗಳ ಸಾಲಿನಲ್ಲಿದೆ. ಹಳೆಯ ಆಯುಧಕ್ಕೆ ವಿನಾಯಿತಿ ಇರುವುದು, ದುರಸ್ತಿಮಾಡಿದರೂ ಅದರಿಂದ ಗುಂಡು ಹಾರಿಸಲಾಗದಿದ್ದಾಗ ಮಾತ್ರ. ಹೀಗಾಗಿ ಈ ನಗರದಲ್ಲಿ ಮೂಲರೂಪದ ಪುನಃಸ್ಥಾಪನೆಯು ಖಾಸಗಿ ಮನೆಗಿಂತ ವಸ್ತುಸಂಗ್ರಹಾಲಯಕ್ಕೇ ಒಪ್ಪುವ ಕಾರ್ಯ.