ಮದುವೆಗೆ ಮೊದಲು ಕೈಗಿಟ್ಟ ಡೈರಿಗಳು

ಪ್ರೀತಿಸಿದವರಿಂದ ಏನನ್ನೂ ಮುಚ್ಚಿಡಬಾರದು ಎಂಬ ಮಾತನ್ನು ನಾವೆಲ್ಲ ಒಂದಲ್ಲ ಒಂದು ಸಲ ಕೇಳಿದ್ದೇವೆ. ಮೇಲುನೋಟಕ್ಕೆ ನ್ಯಾಯವಾದ ಮಾತೇ. ಎಲ್ಲವನ್ನೂ ಹೇಳಿಬಿಟ್ಟರೆ ಅನುಮಾನಕ್ಕೆ ಜಾಗವೆಲ್ಲಿ? ಈ ಮಾತನ್ನು ಅಕ್ಷರಶಃ ಪಾಲಿಸಿ ನೋಡಿದ ಒಂದು ದಾಂಪತ್ಯ ಚರಿತ್ರೆಯಲ್ಲಿದೆ. ಗಂಡ ಲಿಯೋ ಟಾಲ್‌ಸ್ಟಾಯ್, ಹೆಂಡತಿ ಸೋಫಿಯಾ ಆಂದ್ರೆಯೆವ್ನಾ. 48 ವರ್ಷ ಒಟ್ಟಿಗೆ ಬಾಳಿದ ಇವರಿಬ್ಬರೂ ಡೈರಿ ಬರೆಯುತ್ತಿದ್ದರು, ಒಬ್ಬರದನ್ನು ಇನ್ನೊಬ್ಬರು ಓದುತ್ತಿದ್ದರು. ಜಗತ್ತಿನ ಯಾವ ದಂಪತಿಯ ಒಳಮನೆಯ ಬಗ್ಗೆಯೂ ಇಷ್ಟೊಂದು ಲಿಖಿತ ದಾಖಲೆ ಸಿಗುವುದು ಅಪರೂಪ. ಆದರೂ ಆ ಮನೆಯಲ್ಲಿ ನಂಬಿಕೆ ನೆಲೆ ನಿಲ್ಲಲಿಲ್ಲ. ಯಾಕೆ ಎನ್ನುವುದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ಪ್ರಶ್ನೆ.

ಕಥೆ ಶುರುವಾಗುವುದು 1862ರ ಸೆಪ್ಟೆಂಬರಿನಲ್ಲಿ. (ಇಲ್ಲಿ ಕೊಡುವ ದಿನಾಂಕಗಳೆಲ್ಲ ಆಗಿನ ರಷ್ಯದ ಹಳೆಯ ಪಂಚಾಂಗದವು.) ಟಾಲ್‌ಸ್ಟಾಯ್‌ಗೆ ಆಗ 34 ವರ್ಷ. ಕ್ರಿಮಿಯಾ ಯುದ್ಧದಲ್ಲಿ ಹೋರಾಡಿ ಬಂದಿದ್ದ, ಲೇಖಕನೆಂದು ಹೆಸರು ಮಾಡಿದ್ದ, ಯಾಸ್ನಾಯಾ ಪೊಲ್ಯಾನಾದ ಜಮೀನಿಗೆ ಒಡೆಯನಾಗಿದ್ದ. ಸೋಫಿಯಾಗೆ ಆಗಷ್ಟೇ 18 ತುಂಬಿತ್ತು. ತಂದೆ ಅರಮನೆಯ ವೈದ್ಯ. ಮನೆ ಮಾಸ್ಕೋದ ಕ್ರೆಮ್ಲಿನ್ ಕೋಟೆಯ ಒಳಗೇ ಇತ್ತು. ಸೆಪ್ಟೆಂಬರ್ 16ರಂದು ಟಾಲ್‌ಸ್ಟಾಯ್ ಪತ್ರವೊಂದನ್ನು ಅವಳ ಕೈಗಿತ್ತು ಮದುವೆಯ ಪ್ರಸ್ತಾಪ ಮಾಡಿದ. ಅವಳು ಒಪ್ಪಿದಳು. 23ರಂದು ಕ್ರೆಮ್ಲಿನ್ನಿನ ಇಗರ್ಜಿಯಲ್ಲಿ ಮದುವೆಯೂ ಆಗಿಹೋಯಿತು. ನಡುವೆ ಇದ್ದದ್ದು ಒಂದೇ ಒಂದು ವಾರ.

ಆ ವಾರದಲ್ಲಿ ಟಾಲ್‌ಸ್ಟಾಯ್ ತನ್ನ ಹಳೆಯ ಡೈರಿಗಳನ್ನು ಹುಡುಗಿಗೆ ಓದಲು ಕೊಟ್ಟ. ತನ್ನ ಬದುಕಿನ ಯಾವ ಮೂಲೆಯೂ ಅವಳಿಗೆ ಗೊತ್ತಿಲ್ಲದೆ ಉಳಿಯಬಾರದು ಎಂಬುದು ಅವನ ಸಂಕಲ್ಪ. ಅದರಲ್ಲಿ ಜೂಜಿನಲ್ಲಿ ಕಳೆದ ಹಣದ ಲೆಕ್ಕವಿತ್ತು, ವೇಶ್ಯೆಯರ ಸಹವಾಸವಿತ್ತು, ಅದರಿಂದ ತಗುಲಿದ ರೋಗದ ಮಾತಿತ್ತು. ಇವೆಲ್ಲಕ್ಕಿಂತ ಹತ್ತಿರದ ಸಂಗತಿಯೊಂದಿತ್ತು. ಅವನದೇ ಹಳ್ಳಿಯ ಅಕ್ಸಿನ್ಯಾ ಎಂಬ ರೈತ ಹೆಂಗಸಿನೊಂದಿಗೆ ಅವನಿಗೆ ಕೆಲವು ವರ್ಷಗಳ ಸಂಬಂಧವಿತ್ತು. ಅವಳು ಬೇರೊಬ್ಬನ ಹೆಂಡತಿ. ಅವಳಿಗೆ ಟಾಲ್‌ಸ್ಟಾಯ್‌ನಿಂದ ತಿಮೊಫೇಯ್ ಎಂಬ ಮಗನೂ ಹುಟ್ಟಿದ್ದ. ಹದಿನೆಂಟರ ಹುಡುಗಿ ಇದನ್ನೆಲ್ಲ ಓದಿ ಅತ್ತಳು. ಕ್ಷಮಿಸಿದೆ ಎಂದಳು. ಆದರೆ ಆ ಪುಟಗಳು ತನ್ನ ಮೇಲೆ ಮಾಡಿದ ಗಾಯವನ್ನು ಅವಳು ಕೊನೆಯವರೆಗೂ ಬರೆಯುತ್ತಲೇ ಇದ್ದಳು.

ಟಾಲ್‌ಸ್ಟಾಯ್ ಮಾಡಿದ್ದನ್ನು ನಾವು ಪ್ರಾಮಾಣಿಕತೆ ಎಂದು ಕರೆಯಬಹುದು. ಅವನ ಕಾಲದ, ಅವನ ವರ್ಗದ ಗಂಡಸರಲ್ಲಿ ಹೆಚ್ಚಿನವರು ಇಂಥ ಪೂರ್ವಚರಿತ್ರೆಯನ್ನು ಹೆಂಡತಿಗೆ ಹೇಳುವ ಗೊಡವೆಗೇ ಹೋಗುತ್ತಿರಲಿಲ್ಲ. ಆ ಮಟ್ಟಿಗೆ ಅವನದು ದೊಡ್ಡ ಧೈರ್ಯ. ಅಕ್ಸಿನ್ಯಾಳ ವಿಷಯ ಸೋಫಿಯಾಗೆ ತಿಳಿಯಲೇಬೇಕಿತ್ತು ಎಂದೂ ನನಗನಿಸುತ್ತದೆ, ಏಕೆಂದರೆ ಅವಳು ಬಾಳಬೇಕಾದದ್ದು ಅದೇ ಹಳ್ಳಿಯಲ್ಲಿ. ನನ್ನ ತಕರಾರು ಬೇರೆ ಕಡೆಗಿದೆ. ಹೇಳುವುದಕ್ಕೆ ಅವನು ಆರಿಸಿಕೊಂಡ ಸಮಯ ಯಾವುದು? ಮದುವೆಯ ಉಡುಪು ಹೊಲಿಯಲು ಕೊಟ್ಟಾಗಿದೆ, ನೆಂಟರಿಷ್ಟರಿಗೆ ಸುದ್ದಿ ಹೋಗಿದೆ. ಆ ಗಳಿಗೆಯಲ್ಲಿ ‘ಇಲ್ಲ’ ಎನ್ನುವ ಸ್ವಾತಂತ್ರ್ಯ ಹತ್ತೊಂಬತ್ತನೇ ಶತಮಾನದ ಒಬ್ಬ ಹುಡುಗಿಗೆ ಎಷ್ಟಿತ್ತು? ಅವನು ತನ್ನ ಮನಸ್ಸಿನ ಭಾರ ಇಳಿಸಿಕೊಂಡ. ಇಳಿಸಿದ್ದು ಅವಳ ತಲೆಯ ಮೇಲೆ. ಸತ್ಯ ಹೇಳುವವನು ಕೇಳುವವರಿಗೆ ಯೋಚಿಸಲು ಸಮಯ, ಬೇಡವೆನ್ನಲು ಅವಕಾಶ ಎರಡನ್ನೂ ಕೊಡಬೇಕಾಗುತ್ತದೆ. ಸೋಫಿಯಾಗೆ ಎರಡೂ ಸಿಗಲಿಲ್ಲ.

ಮದುವೆಯಾಗಿ ಯಾಸ್ನಾಯಾ ಪೊಲ್ಯಾನಾಕ್ಕೆ ಬಂದ ಕೆಲವೇ ತಿಂಗಳಲ್ಲಿ, ಡೈರಿಯಲ್ಲಿ ಓದಿದ್ದ ಹೆಸರು ಕಣ್ಣೆದುರಿಗೇ ಬಂದು ನಿಂತಿತು. ಮನೆಯ ನೆಲ ಒರೆಸಲು ಬರುತ್ತಿದ್ದ ಹೆಂಗಸರಲ್ಲಿ ಅಕ್ಸಿನ್ಯಾಳೂ ಒಬ್ಬಳು. 1862ರ ಡಿಸೆಂಬರಿನಲ್ಲಿ ಸೋಫಿಯಾ ತನ್ನ ಡೈರಿಯಲ್ಲಿ ಬರೆದ ಪುಟ ಓದಿದರೆ ಮೈ ಜುಮ್ಮೆನ್ನುತ್ತದೆ. ಆ ಹೆಂಗಸನ್ನು ಕಂಡಾಗ ಕತ್ತಿ, ಕೋವಿಗಳತ್ತ ಹೋಗುವ ತನ್ನ ಯೋಚನೆಯನ್ನು ಅವಳು ಮುಚ್ಚಿಟ್ಟಿಲ್ಲ. ಗಂಡನ ಹಳೆಯ ಬದುಕನ್ನೆಲ್ಲ ಸುಟ್ಟುಬಿಡಬೇಕೆಂಬ ಆಸೆಯನ್ನೂ ಮುಚ್ಚಿಟ್ಟಿಲ್ಲ. ಆಗ ಅವಳು ಮೊದಲ ಮಗುವಿನ ಬಸುರಿ.

ಇದೇ ಪ್ರಸಂಗ ಮುಂದೆ ‘ಅನ್ನಾ ಕರೆನಿನಾ’ ಕಾದಂಬರಿಯಲ್ಲಿ ಬರುತ್ತದೆ. ಅಲ್ಲಿ ಲೆವಿನ್ ಮದುವೆಗೆ ಮುನ್ನ ತನ್ನ ಡೈರಿಯನ್ನು ಕಿಟ್ಟಿಗೆ ಕೊಡುತ್ತಾನೆ. ಕಿಟ್ಟಿ ಅಳುತ್ತಾಳೆ, ಕ್ಷಮಿಸುತ್ತಾಳೆ. ಕಾದಂಬರಿಯಲ್ಲಿ ಆ ಅಳು ಕೆಲವು ಪುಟಗಳಲ್ಲಿ ಮುಗಿಯುತ್ತದೆ, ಅವರ ಸಂಸಾರ ಮುಂದೆ ಸಾಗುತ್ತದೆ. ಆ ಪುಟಗಳನ್ನು ಟಾಲ್‌ಸ್ಟಾಯ್ ಬರೆದದ್ದು ಮದುವೆಯಾಗಿ ಹತ್ತು ವರ್ಷ ದಾಟಿದ ಮೇಲೆ. ಬರೆಯುವವನ ಮಟ್ಟಿಗೆ ಅದು ಮುಗಿದ ಅಧ್ಯಾಯವಾಗಿದ್ದಿರಬಹುದು. ಓದಿದವಳ ಮಟ್ಟಿಗೆ ಮುಗಿದಿರಲಿಲ್ಲ.

ಒಂದು ಮಾತನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಮದುವೆಯ ನಂತರ ಟಾಲ್‌ಸ್ಟಾಯ್ ಬೇರೆ ಹೆಣ್ಣಿನ ಹಿಂದೆ ಹೋದನೆಂದು ಅವನ ಜೀವನ ಚರಿತ್ರೆಗಳು ಹೇಳುವುದಿಲ್ಲ. ಸೋಫಿಯಾ 13 ಮಕ್ಕಳನ್ನು ಹೆತ್ತಳು, ಅವರಲ್ಲಿ ಎಂಟು ಮಂದಿ ಬದುಕಿ ಬೆಳೆದರು. ‘ಯುದ್ಧ ಮತ್ತು ಶಾಂತಿ’ಯ ಗೋಜಲು ಗೋಜಲಾದ ಹಸ್ತಪ್ರತಿಯನ್ನು ಮತ್ತೆ ಮತ್ತೆ ಶುದ್ಧಪ್ರತಿ ಮಾಡಿಕೊಟ್ಟಳು. ಲೆಕ್ಕಪತ್ರ, ಮಕ್ಕಳ ಓದು, ಮುಂದೆ ಪುಸ್ತಕಗಳ ಪ್ರಕಟಣೆ ಎಲ್ಲವೂ ಅವಳ ಪಾಲಿಗೆ ಬಂದವು. ಹೊರಗಿನಿಂದ ನೋಡಿದರೆ ಅನುಮಾನಕ್ಕೆ ಹೊಸ ಕಾರಣವೇ ಇರಲಿಲ್ಲ. ಆದರೂ ಅನುಮಾನ ಇಂಗಲಿಲ್ಲ, ಏಕೆಂದರೆ ಅದಕ್ಕೆ ದಿನವೂ ಮೇವು ಒದಗುತ್ತಿತ್ತು. ಆ ಮೇವು ಡೈರಿ.

ಒಬ್ಬರ ಡೈರಿಯನ್ನು ಇನ್ನೊಬ್ಬರು ಓದುವ ರೂಢಿ ಮೊದಮೊದಲು ಅವರಿಗೆ ಆಪ್ತತೆಯ ಗುರುತಾಗಿತ್ತು. ಆದರೆ ಓದುವವರಿದ್ದಾರೆ ಎಂದು ಗೊತ್ತಾದ ಮೇಲೆ ಡೈರಿ ಡೈರಿಯಾಗಿ ಉಳಿಯುವುದು ಕಷ್ಟ. ಜಗಳವಾದ ದಿನ ಬರೆದದ್ದು ದೂರಿನ ಅರ್ಜಿಯಾಗುತ್ತದೆ. ರಾಜಿಯಾದ ದಿನ ಬರೆದದ್ದು ಮುಚ್ಚಳಿಕೆಯಾಗುತ್ತದೆ. ಸಿಟ್ಟಿನಲ್ಲಿ ಆಡಿದ ಮಾತು ಗಾಳಿಯಲ್ಲಿ ಹೋಗುತ್ತದೆ, ಸಿಟ್ಟಿನಲ್ಲಿ ಬರೆದದ್ದು ಕಪಾಟಿನಲ್ಲಿ ಉಳಿಯುತ್ತದೆ. 1890ರ ಹೊತ್ತಿಗೆ ಸೋಫಿಯಾ, ಮದುವೆಗೆ ಮೊದಲು ಓದಿ ಅತ್ತಿದ್ದ ಅವೇ ಹಳೆಯ ಡೈರಿಗಳನ್ನು ಗಂಡನಿಗೆ ಕಾಣದಂತೆ ನಕಲು ಮಾಡತೊಡಗಿದ್ದಳು. ಅವನಿಗೆ ಗೊತ್ತಾಯಿತು, ಬೇಡವೆಂದ. ತಾನೇ ಒಂದು ದಿನ ಅವಳ ಕೈಗಿಟ್ಟ ಪುಟಗಳನ್ನು 28 ವರ್ಷದ ನಂತರ ಅವಳಿಂದ ಕಾಪಾಡಿಕೊಳ್ಳುವ ಸ್ಥಿತಿ ಅವನಿಗೆ ಬಂದಿತ್ತು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ನಮ್ಮಲ್ಲಿದೆ. ದುಡುಕಬೇಡ ಎಂಬುದು ಅದರ ಇಂಗಿತ. ಆದರೆ ನಂಬಿಕೆ ಕಳೆದುಕೊಂಡ ಮನಸ್ಸು ಆ ಪ್ರಮಾಣಿಸುವ ಕೆಲಸವನ್ನು ಎಂದೂ ಮುಗಿಸುವುದೇ ಇಲ್ಲ.

ಅನುಮಾನ ಹೆಂಡತಿಯ ಪಾಲಿಗೆ ಮಾತ್ರ ಬಂದ ಕಾಯಿಲೆಯೇನೂ ಆಗಿರಲಿಲ್ಲ. 1889ರಲ್ಲಿ ಟಾಲ್‌ಸ್ಟಾಯ್ ‘ಕ್ರೂಟ್ಸರ್ ಸೊನಾಟಾ’ ಬರೆದು ಮುಗಿಸಿದ. ಪಿಟೀಲು ವಾದಕನೊಬ್ಬನ ಜೊತೆ ಹೆಂಡತಿಗೆ ಸಂಬಂಧವಿದೆಯೆಂದು ಶಂಕಿಸಿ ಅವಳನ್ನು ಕೊಲ್ಲುವ ಗಂಡನ ಕಥೆ ಅದು. ಓದಿದ ಜನ ಸೋಫಿಯಾಳತ್ತ ಮರುಕದಿಂದ ನೋಡತೊಡಗಿದರು. ಸರ್ಕಾರ ಪ್ರಕಟಣೆಗೆ ತಡೆ ಒಡ್ಡಿದಾಗ, 1891ರಲ್ಲಿ ಅವಳೇ ಪೀಟರ್ಸ್‌ಬರ್ಗ್‌ಗೆ ಹೋಗಿ ಮೂರನೇ ಅಲೆಕ್ಸಾಂಡರ್ ಚಕ್ರವರ್ತಿಯನ್ನು ಕಂಡು, ಸಮಗ್ರ ಕೃತಿಗಳಲ್ಲಿ ಅದನ್ನು ಸೇರಿಸಲು ಅಪ್ಪಣೆ ತಂದಳು. ನಂತರ ಅದಕ್ಕೆ ಉತ್ತರವೆಂಬಂತೆ ‘ತಪ್ಪು ಯಾರದು?’ ಎಂಬ ಅರ್ಥದ ಹೆಸರಿಟ್ಟು ತಾನೇ ಒಂದು ನೀಳ್ಗತೆ ಬರೆದಳು. ಅದು ಅಚ್ಚಾದದ್ದು ಅವಳು ತೀರಿಹೋಗಿ ಮುಕ್ಕಾಲು ಶತಮಾನವಾದ ಮೇಲೆ, 1994ರಲ್ಲಿ.

ಕಥೆ ಬರೆದ ಕೆಲವು ವರ್ಷಗಳಿಗೆ ಬದುಕು ಅದರ ನೆರಳಿನಲ್ಲಿ ಹೆಜ್ಜೆ ಹಾಕಿತು. 1895ರ ಫೆಬ್ರವರಿಯಲ್ಲಿ ಅವರ ಕೊನೆಯ ಮಗ ವಾನೆಚ್ಕಾ, ಇನ್ನೂ ಏಳು ತುಂಬುವ ಮುನ್ನ ಜ್ವರದಿಂದ ತೀರಿಕೊಂಡ. ಕಂಗೆಟ್ಟ ತಾಯಿಗೆ ಸಂಗೀತ ಆಸರೆಯಾಯಿತು. ಸೆರ್ಗೇಯ್ ತನೇಯೆವ್ ಎಂಬ ಸಂಗೀತಗಾರ ಬೇಸಿಗೆಯಲ್ಲಿ ಬಂದು ಅವರ ಮನೆಯಲ್ಲಿ ಉಳಿದು ಪಿಯಾನೊ ನುಡಿಸುತ್ತಿದ್ದ. ಅವಳ ಮನಸ್ಸು ಅವನ ಸಂಗೀತಕ್ಕೆ, ಅವನ ಸಹವಾಸಕ್ಕೆ ಒಲಿಯಿತು. ಅದು ಸ್ನೇಹದ ಗೆರೆ ದಾಟಿದ್ದಕ್ಕೆ ಆಧಾರವಿಲ್ಲ. ಆದರೆ ಎಪ್ಪತ್ತರ ಹತ್ತಿರವಿದ್ದ ಟಾಲ್‌ಸ್ಟಾಯ್ ಹೊಟ್ಟೆಕಿಚ್ಚಿನಿಂದ ಬೆಂದುಹೋದ. ತನಗಾಗುತ್ತಿರುವ ಅವಮಾನವನ್ನು ಪತ್ರಗಳಲ್ಲಿ ತೋಡಿಕೊಂಡ. ಹೆಂಡತಿಯ ದುಃಖಕ್ಕೆ ತಾನು ಕೊಡಲಾರದ ಸಮಾಧಾನ ಬೇರೆ ಕಡೆಯಿಂದ ಬರುತ್ತಿದೆ ಎಂಬುದನ್ನು, ಮನುಷ್ಯರ ಒಳಗನ್ನು ಅಷ್ಟು ಬಲ್ಲ ಲೇಖಕನಿಗೂ ಸಹಿಸಲಾಗಲಿಲ್ಲ.

ಅತ್ತ ಅಕ್ಸಿನ್ಯಾಳ ನೆರಳು ಇನ್ನೂ ಸರಿದಿರಲಿಲ್ಲ. ರೈತ ಹೆಂಗಸಿನ ಮೋಹಕ್ಕೆ ಸಿಕ್ಕ ಜಮೀನ್ದಾರನೊಬ್ಬನ ಕಥೆ ‘ದೆವ್ವ’. 1889ರಲ್ಲೇ ಬರೆದಿದ್ದ ಅದನ್ನು ಟಾಲ್‌ಸ್ಟಾಯ್ ಹೆಂಡತಿಯ ಕಣ್ಣಿಗೆ ಬೀಳದಂತೆ ಇಟ್ಟಿದ್ದ. 1909ರಲ್ಲಿ ಅದು ಸೋಫಿಯಾಳ ಕೈಗೆ ಸಿಕ್ಕಿತು. ಅವಳಿಗೆ ಆಗ 64 ವರ್ಷ, ಮೊಮ್ಮಕ್ಕಳನ್ನು ಕಂಡಿದ್ದ ಅಜ್ಜಿ. ಹದಿನೆಂಟರಲ್ಲಿ ಹೊತ್ತಿದ ಕಿಚ್ಚು ಮತ್ತೆ ಭುಗಿಲೆದ್ದಿತು.

ಮರುವರ್ಷ ನಡೆದದ್ದು ಇನ್ನೂ ಘೋರ. ಟಾಲ್‌ಸ್ಟಾಯ್‌ನ ಶಿಷ್ಯ ವ್ಲಾದಿಮಿರ್ ಚೆರ್ಟ್ಕೋವ್ 1883ರಿಂದ ಅವನ ಆಪ್ತ. ಗುರುವಿನ ಇತ್ತೀಚಿನ ಡೈರಿಗಳು ಅವನ ವಶದಲ್ಲಿದ್ದವು. ಹೆಂಡತಿಗೆ ತೋರಿಸದ ಪುಟಗಳನ್ನು ಹೊರಗಿನವನು ಓದುತ್ತಿದ್ದಾನೆ ಎಂಬ ಸಂಕಟ ಸೋಫಿಯಾಳದು. 1910ರ ಜುಲೈನಲ್ಲಿ ಅತ್ತು, ಹಟಹಿಡಿದು, ಸಾಯುತ್ತೇನೆಂದು ಬೆದರಿಸಿ ಆ ಡೈರಿಗಳನ್ನು ಅವನಿಂದ ಬಿಡಿಸಿದಳು. ಕೊನೆಗೆ ಅವುಗಳನ್ನು ತುಲಾ ಊರಿನ ಬ್ಯಾಂಕಿನಲ್ಲಿಡಲಾಯಿತು. ಅದೇ ಜುಲೈ 22ರಂದು ಟಾಲ್‌ಸ್ಟಾಯ್ ಮನೆಯಲ್ಲಿ ಯಾರಿಗೂ ಅನುಮಾನ ಬಾರದಂತೆ ಹೊರಟು, ಕಾಡಿನಲ್ಲಿ ಮರದ ಬೊಡ್ಡೆಯ ಮೇಲೆ ಕೂತು ತನ್ನ ಉಯಿಲಿಗೆ ಸಹಿ ಹಾಕಿದ. ಎಲ್ಲ ಕೃತಿಗಳ ಹಕ್ಕು ಕಾನೂನಿನ ಲೆಕ್ಕದಲ್ಲಿ ಮಗಳು ಅಲೆಕ್ಸಾಂದ್ರಾಳಿಗೆ. ಮುಂದೆ ಅವು ಸಾರ್ವಜನಿಕರ ಆಸ್ತಿಯಾಗಬೇಕೆಂಬುದು ಆಶಯ. ಆಶಯ ದೊಡ್ಡದೇ. ಆದರೆ ಆ ಕೃತಿಗಳನ್ನು ನಕಲು ಮಾಡಿ, ಅಚ್ಚು ಹಾಕಿಸಿ, ಅದರಿಂದ ಸಂಸಾರ ನಡೆಸಿದ ಹೆಂಡತಿಗೆ ಒಂದು ಮಾತು ಹೇಳಿರಲಿಲ್ಲ.

ನನಗೆ ಈ ದಾಂಪತ್ಯದ ಎರಡು ತುದಿಗಳೂ ಒಟ್ಟಿಗೇ ಕಾಣುವುದು ಇಲ್ಲಿ. 1862ರಲ್ಲಿ ಅವನು ತನ್ನೊಬ್ಬನ ನೆನಪುಗಳನ್ನೂ ಬಿಡದೆ, ಎಲ್ಲವನ್ನೂ ಬಲವಂತವಾಗಿ ಓದಿಸಿದ. 1910ರಲ್ಲಿ ಅವಳ ಬದುಕಿಗೆ ನೇರವಾಗಿ ಸಂಬಂಧಿಸಿದ ವಿಷಯವನ್ನು ಮುಚ್ಚಿಟ್ಟ. ಒಬ್ಬ ಮನುಷ್ಯನ ಖಾಸಗಿ ಮೂಲೆ ಬೇರೆ, ಇನ್ನೊಬ್ಬರ ಪಾಲಿನದನ್ನು ಅವರಿಂದ ಮರೆಮಾಡುವುದು ಬೇರೆ. ಈ ಭೇದವನ್ನು ಆ ಮನೆ ಎಂದೂ ಕಲಿಯಲಿಲ್ಲ.

ಜುಲೈ ಕೊನೆಯಲ್ಲಿ ಟಾಲ್‌ಸ್ಟಾಯ್ ತನಗೊಬ್ಬನಿಗೇ ಎಂದು ಗುಟ್ಟಿನ ಡೈರಿಯೊಂದನ್ನು ಆರಂಭಿಸಿದ. 82ರ ಹೊಸ್ತಿಲಲ್ಲಿದ್ದ ವೃದ್ಧ ಅದನ್ನು ಬೂಟಿನೊಳಗೆ ಬಚ್ಚಿಡುತ್ತಿದ್ದ. ಸೋಫಿಯಾ ಅದನ್ನೂ ಹುಡುಕಿ ತೆಗೆದಳು. ಅಕ್ಟೋಬರ್ 28ರ ರಾತ್ರಿ ಅವನಿಗೆ ಎಚ್ಚರವಾದಾಗ ಓದುವ ಕೋಣೆಯಲ್ಲಿ ಬೆಳಕು ಕಂಡಿತು, ಹಾಳೆ ಮಗುಚುವ ಸದ್ದು ಕೇಳಿತು. ಹೆಂಡತಿ ಏನನ್ನೋ ಹುಡುಕುತ್ತಿದ್ದಳು. ಬೆಳಗಾಗುವ ಮುನ್ನವೇ ಅವನು ವೈದ್ಯನೊಬ್ಬನ ಜೊತೆಗೆ ಮನೆ ಬಿಟ್ಟ. ಸುದ್ದಿ ತಿಳಿದ ಸೋಫಿಯಾ ಕೊಳಕ್ಕೆ ಹಾರಿದಳು, ಮನೆಯವರು ಮೇಲೆತ್ತಿದರು. ದಾರಿಯಲ್ಲಿ ಜ್ವರ ಬಂದು ಟಾಲ್‌ಸ್ಟಾಯ್ ಅಸ್ತಾಪೊವೊ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ಇಳಿಯಬೇಕಾಯಿತು. ನಿಲ್ದಾಣದ ಮುಖ್ಯಸ್ಥನ ಮನೆಯಲ್ಲಿ ನವೆಂಬರ್ 7ರಂದು ತೀರಿಕೊಂಡ. ಅಲ್ಲಿಗೆ ಧಾವಿಸಿದ್ದ ಸೋಫಿಯಾಳನ್ನು, ಅವನಿಗೆ ಪ್ರಜ್ಞೆ ತಪ್ಪುವವರೆಗೂ ಒಳಗೆ ಬಿಡಲಿಲ್ಲ. ಆ ಮನೆಯ ಕಿಟಕಿಯಲ್ಲಿ ಅವಳು ಇಣುಕುತ್ತಿರುವ ಒಂದು ಫೋಟೊ ಉಳಿದಿದೆ. ಅವನ ಒಳಗನ್ನೆಲ್ಲ ಓದಿದ್ದವಳಿಗೆ ಕೊನೆಗೆ ಬಾಗಿಲು ತೆರೆಯಲಿಲ್ಲ.

ನಂಬುವುದು ನನಗೂ ಸಲೀಸಾಗಿ ಬಂದ ವಿದ್ಯೆಯಲ್ಲ. ಹಾಗಾಗಿ ಸೋಫಿಯಾಳನ್ನು ಹುಚ್ಚಿ, ಅನುಮಾನದ ಪ್ರಾಣಿ ಎಂದು ಕರೆಯುವ ಬರಹಗಳನ್ನು ಓದುವಾಗ ನನಗೆ ಸಂಕಟವಾಗುತ್ತದೆ. ಇಂದು ಜೋಡಿಗಳು ಫೋನಿನ ಪಾಸ್‌ವರ್ಡ್ ಹಂಚಿಕೊಳ್ಳುತ್ತಾರೆ, ಎಲ್ಲಿದ್ದೇವೆಂದು ಮ್ಯಾಪಿನಲ್ಲಿ ತೋರಿಸಿಕೊಳ್ಳುತ್ತಾರೆ, ‘ಲಾಸ್ಟ್ ಸೀನ್’ ನೋಡಿ ಲೆಕ್ಕ ಹಾಕುತ್ತಾರೆ. ಅದನ್ನು ಪ್ರೀತಿಯ ಕಾಣಿಕೆಯೆಂದೇ ಕೊಡುತ್ತಾರೆ, ಟಾಲ್‌ಸ್ಟಾಯ್ ಡೈರಿ ಕೊಟ್ಟ ಹಾಗೆ. ಪಡೆದವರಿಗೆ ಮೊದಲ ದಿನ ನಿರಾಳವಾಗುತ್ತದೆ. ಎರಡನೆಯ ದಿನ ಇನ್ನೊಮ್ಮೆ ನೋಡಬೇಕೆನಿಸುತ್ತದೆ. ಹತ್ತನೆಯ ದಿನ ನೋಡದೆ ಇರಲಾಗುವುದಿಲ್ಲ. ನೋಡುವುದರಿಂದ ಸಿಗುವುದು ಮಾಹಿತಿ. ನಂಬಿಕೆಗೆ ಕೆಲಸವಿರುವುದು ನಮಗೆ ಕಾಣದ ಕಡೆಯಲ್ಲಿ ಮಾತ್ರ, ಕಂಡದ್ದನ್ನು ಯಾರೂ ನಂಬಬೇಕಾಗಿಲ್ಲ.

ನನ್ನ ಪಾಲಿಗೆ ಬರುವುದು ಏನೇನು ಎಂದು ಕೇಳುವ ಹಕ್ಕು ಪ್ರೀತಿಸಿದ ಪ್ರತಿಯೊಬ್ಬರಿಗೂ ಇದೆ, ಸೋಫಿಯಾಗೂ ಇತ್ತು. ಆ ಪ್ರಶ್ನೆಗೆ ಸಕಾಲದಲ್ಲಿ ನೇರವಾದ ಉತ್ತರ ಸಿಗುತ್ತಿದ್ದರೆ, ಅವಳು ಆ ರಾತ್ರಿ ದೀಪ ಹಿಡಿದು ಹಾಳೆಗಳನ್ನು ಹುಡುಕುತ್ತಿರಲಿಲ್ಲವೇನೋ.