ವಿಚ್ಛೇದನ ಇಲ್ಲದ ದೇಶದಲ್ಲಿ ಸಂಸಾರ ಎಷ್ಟು ಬಗೆ? ಫಿಲಿಪ್ಪೀನ್ಸ್ ಕುಟುಂಬವನ್ನು ಅರ್ಥ ಮಾಡಿಕೊಳ್ಳೋಕೆ ಒಂದು ಕೈಪಿಡಿ

ಜಗತ್ತಿನಲ್ಲಿ ಇವತ್ತಿಗೂ ವಿಚ್ಛೇದನದ ಕಾನೂನು ಇಲ್ಲದ ಜಾಗ ಎರಡೇ. ಒಂದು ವ್ಯಾಟಿಕನ್. ಅಲ್ಲಿ ಸಂಸಾರಸ್ಥರೇ ಕಡಿಮೆ, ಬಿಡಿ. ಇನ್ನೊಂದು ಫಿಲಿಪ್ಪೀನ್ಸ್. 2020ರ ಜನಗಣತಿ ಪ್ರಕಾರ ಅಲ್ಲಿ 10.9 ಕೋಟಿ ಜನ ಇದ್ದಾರೆ. 2024ರ ಮೇ 22ರಂದು ಅಲ್ಲಿನ ಕೆಳಮನೆ ವಿಚ್ಛೇದನ ಮಸೂದೆಯನ್ನು ಪಾಸ್ ಮಾಡಿತು. ಸೆನೆಟ್ ಅದನ್ನು ಪಾಸ್ ಮಾಡಲಿಲ್ಲ. 2025ರ ಜೂನ್‌ನಲ್ಲಿ ಆ ಕಾಂಗ್ರೆಸ್ಸಿನ ಅವಧಿ ಮುಗಿಯಿತು, ಮಸೂದೆಯೂ ಅದರ ಜೊತೆಗೇ ಹೋಯಿತು. 2018ರಲ್ಲೂ ಹೀಗೇ ಆಗಿತ್ತು: ಕೆಳಮನೆಯಲ್ಲಿ ಪಾಸ್, ಸೆನೆಟ್‌ನಲ್ಲಿ ಮೌನ.

ವಿರೋಧಿಸುವವರ ವಾದ ಪ್ರತಿ ಸಲವೂ ಒಂದೇ: ಫಿಲಿಪ್ಪಿನೋ ಕುಟುಂಬವನ್ನು ಉಳಿಸಬೇಕು. ಇದಕ್ಕೆ ಸಂವಿಧಾನದ ಬಲವೂ ಇದೆ. 1987ರ ಸಂವಿಧಾನದ 15ನೇ ಅಧ್ಯಾಯ ಕುಟುಂಬವನ್ನು ರಾಷ್ಟ್ರದ ಬುನಾದಿ ಅನ್ನುತ್ತದೆ, ಮದುವೆಯನ್ನು ಮುರಿಯಬಾರದ ಸಂಸ್ಥೆ ಅನ್ನುತ್ತದೆ. ಸರಿ, ಆದರೆ ಯಾವ ಕುಟುಂಬ? ಈ ಪ್ರಶ್ನೆ ಹಿಡಿದು ಹೊರಟರೆ ಕಾನೂನಿನ ಪುಸ್ತಕದಲ್ಲಿ ಇರೋ ಸಂಸಾರ ಬೇರೆ, ಮನಿಲಾದ ಗಲ್ಲಿಗಳಲ್ಲಿ ಮತ್ತು ದುಬೈನ ಬಾಡಿಗೆ ರೂಮುಗಳಲ್ಲಿ ಇರೋ ಸಂಸಾರ ಬೇರೆ ಅಂತ ಗೊತ್ತಾಗುತ್ತದೆ.

ಎರಡೂ ಕಡೆಯ ನೆಂಟರು

ಮೊದಲು ಸಂಬಂಧದ ಪದಗಳನ್ನು ನೋಡೋಣ. ನಮ್ಮಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರೂ ಬೇರೆ ಬೇರೆ. ಟಗಾಲೋಗ್‌ನಲ್ಲಿ ಇವರೆಲ್ಲ 'ತೀತೊ', ಹೆಂಗಸರಾದರೆ 'ತೀತ'. ಅಪ್ಪನ ಕಡೆ, ಅಮ್ಮನ ಕಡೆ ಅನ್ನೋ ಭೇದ ಪದದಲ್ಲೇ ಇಲ್ಲ. ಅಜ್ಜ 'ಲೋಲೊ', ಅಜ್ಜಿ 'ಲೋಲ', ಅದೂ ಎರಡೂ ಕಡೆಗೆ. ಆದರೆ ವಯಸ್ಸಿನ ಭೇದ ಮಾತ್ರ ಚೆನ್ನಾಗಿ ಇದೆ. ಅಕ್ಕ 'ಆತೆ', ಅಣ್ಣ 'ಕುಯಾ', ಮೊದಲ ಮಗು 'ಪಂಗಾನಾಯ್', ಕೊನೆಯದು 'ಬುನ್ಸೊ'. ಆತೆ, ಕುಯಾ ಎರಡೂ ಚೀನಾದ ಹೊಕ್ಕಿಯೆನ್ ಭಾಷೆಯಿಂದ ಬಂದವು. ಅಂಗಡಿಯವನನ್ನೂ ಜೀಪ್ನಿ ಡ್ರೈವರನ್ನೂ ಕುಯಾ ಅಂತಲೇ ಕರೆಯೋದು, ನಾವು 'ಅಣ್ಣಾ' ಅಂದ ಹಾಗೆ. ದೊಡ್ಡವರೊಡನೆ ಮಾತಾಡುವಾಗ ವಾಕ್ಯದಲ್ಲಿ ಒಂದು 'ಪೊ' ಸೇರಿಸಬೇಕು. ನಮ್ಮ 'ರೀ' ಇದ್ದಂತೆ ಅಂದುಕೊಳ್ಳಿ. ಮನೆಗೆ ಬಂದ ಹಿರಿಯರ ಕೈ ಹಿಡಿದು ಹಣೆಗೆ ಮುಟ್ಟಿಸಿಕೊಂಡು 'ಮಾನೊ ಪೊ' ಅನ್ನಬೇಕು.

ಮಾನವಶಾಸ್ತ್ರದವರು ಇದನ್ನು ದ್ವಿಪಕ್ಷೀಯ ಬಂಧುತ್ವ ಅನ್ನುತ್ತಾರೆ. ಕುಲ, ಗೋತ್ರದ ಗೆರೆ ಇಲ್ಲ. ತಂದೆ-ತಾಯಿ ಇಬ್ಬರ ಕಡೆಯವರೂ ಸಮಾನ ನೆಂಟರು. ಹೆಸರಿನಲ್ಲೂ ಇದು ಕಾಣುತ್ತದೆ. ಅಪ್ಪನ ಅಡ್ಡಹೆಸರು ಕೊನೆಗೆ, ಅಮ್ಮನ ತವರಿನ ಅಡ್ಡಹೆಸರು ನಡುವೆ. ಈ 'ನಡುವಿನ ಹೆಸರು' ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಅಡ್ಡಹೆಸರುಗಳ ಕಥೆಯೇ ವಿಚಿತ್ರ. 1849ರಲ್ಲಿ ಸ್ಪ್ಯಾನಿಷ್ ಗವರ್ನರ್ ಜನರಲ್ ಕ್ಲಾವೆರಿಯಾ ಅಡ್ಡಹೆಸರುಗಳ ಅಕಾರಾದಿ ಪಟ್ಟಿಯನ್ನೇ ಮಾಡಿಸಿ ಊರೂರಿಗೆ ಹಂಚಿಸಿದ. ತೆರಿಗೆ ವಸೂಲಿಗೆ ಯಾರು ಯಾರ ಮನೆಯವರು ಅಂತ ತಿಳಿಯಬೇಕಿತ್ತಲ್ಲ.

ಸೋದರಮಾವನ ಮಗಳನ್ನು ಮದುವೆಯಾಗೋದು ನಮ್ಮ ಕಡೆ ಹಕ್ಕು ಅನ್ನೋ ಮಟ್ಟಕ್ಕೆ ಇತ್ತು. ಫಿಲಿಪ್ಪೀನ್ಸ್‌ನಲ್ಲಿ ಆ ಮದುವೆ ಕಾನೂನಿನ ಪ್ರಕಾರ ಅಸಿಂಧು. ಅಣ್ಣತಮ್ಮಂದಿರ ಮಕ್ಕಳಾಗಲಿ, ಅಕ್ಕತಮ್ಮನ ಮಕ್ಕಳಾಗಲಿ, ಮದುವೆಯಾಗುವಂತಿಲ್ಲ. ಇಬ್ಬರೂ ಸಮಾನ ನೆಂಟರಾದ ಮೇಲೆ ಇದು ಸಹಜವೇ.

ನಿನೊಂಗ್ ಅನ್ನೋ ರಾಜಕೀಯ ಸಂಸ್ಥೆ

ರಕ್ತಸಂಬಂಧ ಸಾಲದು ಅಂತ ಚರ್ಚು ಇನ್ನೊಂದು ಪದರ ಸೇರಿಸಿದೆ. ಮಗುವಿನ ದೀಕ್ಷಾಸ್ನಾನದಲ್ಲಿ ಜ್ಞಾನಪಿತ ನಿಲ್ಲುವವನು 'ನಿನೊಂಗ್', ಜ್ಞಾನಮಾತೆ 'ನಿನಾಂಗ್'. ಮಗುವಿನ ಅಪ್ಪ ಮತ್ತು ನಿನೊಂಗ್ ಪರಸ್ಪರ 'ಕುಂಪಾರೆ' ಆಗುತ್ತಾರೆ, ಹೆಂಗಸರು 'ಕುಮಾರೆ'. ಅಂದರೆ ನಿಜವಾದ ನಂಟು ಬೆಳೆಯೋದು ದೊಡ್ಡವರ ನಡುವೆ. ಮದುವೆಗೂ ನಿನೊಂಗ್‌ಗಳು ಬೇಕು. ಹಾಗಾಗಿ ಬಡ ಮನೆಯವರು ಮೇಯರನ್ನು, ಕಾಂಗ್ರೆಸ್ ಸದಸ್ಯನನ್ನು, ಫ್ಯಾಕ್ಟರಿ ಮಾಲೀಕನನ್ನು ಕರೆಯುತ್ತಾರೆ. ಮೇಯರ್‌ಗೆ ಮತ ಸಿಗುತ್ತದೆ, ಮನೆಯವರಿಗೆ ಆಸ್ಪತ್ರೆ ಬಿಲ್ಲಿಗೋ ಕೆಲಸದ ಶಿಫಾರಸಿಗೋ ಒಂದು ಬಾಗಿಲು ತೆರೆಯುತ್ತದೆ. ಇದಕ್ಕೆ ಅಂಟಿನಂತೆ ಇರೋದು 'ಉತಾಂಗ್ ನಾ ಲೊಓಬ್', ಅಂದರೆ ಒಳಮನಸ್ಸಿನ ಋಣ. ಇಷ್ಟು ಅಂತ ಲೆಕ್ಕ ಇಲ್ಲದ, ಹಾಗಾಗಿ ಎಂದೂ ತೀರದ ಋಣ.

ಕುಟುಂಬವೇ ರಾಜಕೀಯ ಪಕ್ಷದ ಕೆಲಸ ಮಾಡೋದು ಇಲ್ಲಿಂದ. 2022ರಲ್ಲಿ ಗೆದ್ದ ಅಧ್ಯಕ್ಷ ಸರ್ವಾಧಿಕಾರಿ ಮಾರ್ಕೋಸ್‌ನ ಮಗ, ಉಪಾಧ್ಯಕ್ಷೆ ಹಿಂದಿನ ಅಧ್ಯಕ್ಷ ದುತೆರ್ತೆಯ ಮಗಳು. 2025ರ ಚುನಾವಣೆ ಮುಗಿದಾಗ 24 ಜನರ ಸೆನೆಟ್‌ನಲ್ಲಿ ನಾಲ್ಕು ಜೋಡಿ ಒಡಹುಟ್ಟಿದವರು ಕೂತಿದ್ದರು: ಕಯೆತಾನೊ ಅಕ್ಕ-ತಮ್ಮ, ವಿಯ್ಯಾರ್ ಅಣ್ಣ-ತಂಗಿ, ತುಲ್ಫೊ ಸೋದರರು, ಎಸ್ತ್ರಾದಾನ ಇಬ್ಬರು ಮಕ್ಕಳು. ಈ ಕೊನೆಯ ಇಬ್ಬರಿಗೆ ತಾಯಿ ಬೇರೆ ಬೇರೆ. ವಂಶ ರಾಜಕಾರಣ ನಿಷೇಧ ಅಂತ ಅದೇ 1987ರ ಸಂವಿಧಾನ ಹೇಳುತ್ತದೆ. ಆದರೆ 'ಕಾನೂನು ವ್ಯಾಖ್ಯಾನಿಸಿದಂತೆ' ಅಂತ ಒಂದು ಬಾಲ ಇದೆ. ದಶಕಗಟ್ಟಲೆ ಆ ವ್ಯಾಖ್ಯಾನ ಬರೆಯಲು ಕಾಂಗ್ರೆಸ್ಸಿಗೆ ಪುರುಸೊತ್ತೇ ಆಗಲಿಲ್ಲ. 2016ರಲ್ಲಿ ಯುವ ಮಂಡಳಿಗಳ ಚುನಾವಣೆಗೆ ಮಾತ್ರ ಅಂಥ ನಿಯಮ ತಂದರು. ಅಂದರೆ ತಮಗೆ ತಟ್ಟದ ಕಡೆ.

ದೀಪ ವಿದೇಶಕ್ಕೆ ಹೋದಾಗ

ಪಠ್ಯಪುಸ್ತಕದ ಫಿಲಿಪ್ಪಿನೋ ಮನೆಯಲ್ಲಿ ಅಪ್ಪ 'ಮನೆಯ ಕಂಬ', ಅಮ್ಮ 'ಮನೆಯ ದೀಪ'. 1987ರ ಕುಟುಂಬ ಸಂಹಿತೆ ಗಂಡ-ಹೆಂಡತಿ ಇಬ್ಬರಿಗೂ ಆಸ್ತಿಯ ಜಂಟಿ ಆಡಳಿತ ಕೊಟ್ಟಿತು. ಇಬ್ಬರಿಗೂ ಒಮ್ಮತ ಬರದಿದ್ದರೆ? ಗಂಡನ ಮಾತೇ ನಡೆಯುತ್ತದೆ, ಬೇಕಿದ್ದರೆ ಹೆಂಡತಿ ಕೋರ್ಟಿಗೆ ಹೋಗಬಹುದು. ಕೊರಾಜೋನ್ ಅಕಿನೊ ಅನ್ನೋ ಮಹಿಳಾ ಅಧ್ಯಕ್ಷೆ ಸಹಿ ಹಾಕಿದ ಸಂಹಿತೆ ಇದು.

ಆದರೆ ದೀಪ ಎಂದೋ ಮನೆ ಬಿಟ್ಟು ಹೊರಟಿತ್ತು. 1974ರಲ್ಲಿ ಮಾರ್ಕೋಸ್ ಸರ್ಕಾರ ಕಾರ್ಮಿಕ ಸಂಹಿತೆಯ ಮೂಲಕ ವಿದೇಶಕ್ಕೆ ಕೆಲಸಗಾರರನ್ನು ಕಳಿಸೋದನ್ನು ಸರ್ಕಾರಿ ನೀತಿಯನ್ನಾಗಿ ಮಾಡಿತು. ಮೊದಲು ಹೆಚ್ಚಾಗಿ ಗಂಡಸರು ಹೋದರು, ಕಟ್ಟಡ ಕೆಲಸಕ್ಕೆ, ಹಡಗಿಗೆ. ಆಮೇಲೆ ನರ್ಸ್‌ಗಳು, ಮನೆಗೆಲಸದವರು. 2023ರಲ್ಲಿ 21.6 ಲಕ್ಷ ಫಿಲಿಪ್ಪಿನೋಗಳು ವಿದೇಶದಲ್ಲಿ ಕೆಲಸದಲ್ಲಿದ್ದರು ಅಂತ ಸರ್ಕಾರಿ ಸಮೀಕ್ಷೆ ಹೇಳುತ್ತದೆ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು. ಸೌದಿಗೆ ಹೋದವರೇ ಜಾಸ್ತಿ. 2024ರಲ್ಲಿ ವಿದೇಶದಿಂದ ಬ್ಯಾಂಕ್ ಮೂಲಕ ಬಂದ ಹಣ 3,400 ಕೋಟಿ ಡಾಲರ್ ದಾಟಿತ್ತು. ಗಲ್ಫ್‌ನಲ್ಲಿ ಕೆಲಸ ಮಾಡಿ ಬಂದ ಮಂಗಳೂರು-ಉಡುಪಿ ಕಡೆಯವರನ್ನು ಕೇಳಿ, ಆಸ್ಪತ್ರೆಯಲ್ಲೋ ಅಂಗಡಿಯಲ್ಲೋ ಜೊತೆಗಿದ್ದ 'ಫಿಲಿಪ್ಪಿನಿ'ಗಳ ಬಗ್ಗೆ ಏನಾದರೂ ಹೇಳಿಯೇ ಹೇಳುತ್ತಾರೆ.

ಇದರಿಂದ ಒಂದು ಹೊಸ ಬಗೆಯ ಕುಟುಂಬವೇ ಹುಟ್ಟಿತು. ಅಮ್ಮ ಹಾಂಗ್‌ಕಾಂಗ್‌ನಲ್ಲಿ ಬೇರೆಯವರ ಮಗುವನ್ನು ಎತ್ತಿ ಆಡಿಸುತ್ತಾಳೆ, ಅವಳ ಮಗುವನ್ನು ಊರಲ್ಲಿ ಲೋಲ ಸಾಕುತ್ತಾಳೆ, ಇಲ್ಲವೇ ಹಿರಿಯ ಮಗಳು ಆತೆಯೇ ಅಮ್ಮನಾಗುತ್ತಾಳೆ. ವಿಡಿಯೋ ಕಾಲ್‌ನಲ್ಲಿ ಹೋಂವರ್ಕ್ ನಡೆಯುತ್ತದೆ. ವರ್ಷಕ್ಕೊಮ್ಮೆ 'ಬಾಲಿಕ್‌ಬಾಯಾನ್' ಪೆಟ್ಟಿಗೆ ಬರುತ್ತದೆ: ಸೋಪು, ಚಾಕೊಲೇಟು, ಡಬ್ಬಿ ಮಾಂಸ, ಶೂ. ಪ್ರೀತಿಯನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ಟೇಪು ಸುತ್ತಿ ಕಳಿಸೋ ಏರ್ಪಾಡು ಇದು. ಅದಕ್ಕೆ ಸರ್ಕಾರ ಸುಂಕ ವಿನಾಯಿತಿಯನ್ನೂ ಕೊಟ್ಟಿದೆ. ವಿಲ್ಮಾ ಸಾಂತೋಸ್ ನಟಿಸಿದ 2000ದ 'ಅನಾಕ್' ಸಿನಿಮಾ ಇದರದ್ದೇ ಕಥೆ. ಹಾಂಗ್‌ಕಾಂಗ್‌ನಿಂದ ವಾಪಸ್ ಬಂದ ತಾಯಿಯನ್ನು ಮಗಳು ಒಪ್ಪಿಕೊಳ್ಳೋದಿಲ್ಲ.

ಇಲ್ಲಿ ಕಾನೂನು ಒಂದು ಒಳ್ಳೆ ಕೆಲಸ ಮಾಡಿದೆ ಅಂತ ನನಗೆ ಅನ್ನಿಸುತ್ತದೆ. 2000ದಲ್ಲಿ ಬಂದ ಒಂಟಿ ಪೋಷಕರ ಕಾಯ್ದೆಯನ್ನು 2022ರಲ್ಲಿ ವಿಸ್ತರಿಸಿದರು. ಸಂಗಾತಿ ಕೆಳಹಂತದ ಕೆಲಸಕ್ಕೆ ವಿದೇಶಕ್ಕೆ ಹೋಗಿ ಸತತ 12 ತಿಂಗಳಾಗಿದ್ದರೆ, ಊರಲ್ಲಿ ಮಕ್ಕಳನ್ನು ನೋಡಿಕೊಳ್ಳುವವರೂ 'ಒಂಟಿ ಪೋಷಕ'ರೇ. ಮೊಮ್ಮಕ್ಕಳನ್ನು ಒಬ್ಬರೇ ಸಾಕೋ ಅಜ್ಜಿಯೂ ಸೇರುತ್ತಾಳೆ. ವರ್ಷಕ್ಕೆ ಏಳು ದಿನ ಸಂಬಳದ ರಜೆ, ಕನಿಷ್ಠ ಕೂಲಿ ಅಥವಾ ಅದಕ್ಕಿಂತ ಕಡಿಮೆ ದುಡಿಯುವವರಿಗೆ ತಿಂಗಳಿಗೆ 1,000 ಪೆಸೊ ನೆರವು. ದುಡ್ಡು ದೊಡ್ಡದಲ್ಲ. ಆದರೆ ಮದುವೆ ಆಗಿದೆಯೋ ಇಲ್ಲವೋ ಅಂತ ನೋಡದೆ, ಮಗುವಿಗೆ ಅನ್ನ ಹಾಕುತ್ತಿರೋದು ಯಾರು ಅಂತ ನೋಡಿದ ಅಪರೂಪದ ಕಾನೂನು ಇದು.

ಮದುವೆಯಿಂದ ಹೊರಬರೋ ದಾರಿ

ಇಂಜಿನಿಯರಿಂಗ್ ಓದಿದ ಚಟಕ್ಕೆ ಇದನ್ನು ಒಂದು ಫ್ಲೋಚಾರ್ಟ್ ಮಾಡಿ ನೋಡಿದೆ.

ನೀವು ಮುಸ್ಲಿಮರೇ? ಹಾಗಾದರೆ 1977ರ ಮುಸ್ಲಿಂ ವೈಯಕ್ತಿಕ ಕಾನೂನಿನಡಿ ವಿಚ್ಛೇದನ ಉಂಟು. ಅಲ್ಲವೇ? ನಿಮ್ಮ ಸಂಗಾತಿ ವಿದೇಶಿಯೇ? ಹೊರದೇಶದಲ್ಲಿ ವಿಚ್ಛೇದನ ಆಗಿದ್ದರೆ, ಫಿಲಿಪ್ಪೀನ್ಸ್ ಕೋರ್ಟು ಅದನ್ನು ಮಾನ್ಯ ಮಾಡಿದ ಮೇಲೆ ನೀವು ಮತ್ತೆ ಮದುವೆಯಾಗಬಹುದು. ಆ ವಿಚ್ಛೇದನವನ್ನು ಕೇಳಿದ್ದು ಫಿಲಿಪ್ಪಿನೋ ಸಂಗಾತಿಯೇ ಆಗಿದ್ದರೂ ನಡೆಯುತ್ತದೆ ಅಂತ 2018ರ ಮನಾಲೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಬ್ಬರೂ ಫಿಲಿಪ್ಪಿನೋಗಳೇ? ಎಲ್ಲಿ ಹೋಗಿ ವಿಚ್ಛೇದನ ತಂದರೂ ಊರಲ್ಲಿ ಅದು ಬರೀ ಕಾಗದ.

ಉಳಿದವರಿಗೆ 'ಕಾನೂನುಬದ್ಧ ಬೇರ್ಪಡೆ' ಇದೆ. ಹೊಡೆತ, ವ್ಯಭಿಚಾರದಂಥ ಕಾರಣ ತೋರಿಸಿ ಬೇರೆ ಇರಬಹುದು, ಆಸ್ತಿ ಹಂಚಿಕೊಳ್ಳಬಹುದು, ಮರುಮದುವೆ ಮಾತ್ರ ಇಲ್ಲ. ಇಲ್ಲವಾದರೆ ಮದುವೆಯೇ ಅಸಿಂಧು ಅಂತ ಸಾಬೀತು ಮಾಡಬೇಕು. ಇದಕ್ಕೆ ಹೆಚ್ಚಾಗಿ ಬಳಸೋದು ಸಂಹಿತೆಯ 36ನೇ ವಿಧಿ, 'ಮಾನಸಿಕ ಅಸಾಮರ್ಥ್ಯ'. ಅಂದರೆ ಸಂಗಾತಿ ಮದುವೆಯ ದಿನದಿಂದಲೇ ದಾಂಪತ್ಯದ ಹೊಣೆ ಹೊರಲು ಅಶಕ್ತ ಅಂತ ತೋರಿಸಬೇಕು. ಇಪ್ಪತ್ತು ವರ್ಷ ಚೆನ್ನಾಗಿದ್ದು ಆಮೇಲೆ ಕೆಟ್ಟವನಾದರೆ ಅದು ಸಾಲದು. ಹೀಗಾಗಿ ಬೇರೆಯಾಗಬೇಕೆಂದರೆ ಒಬ್ಬರನ್ನು ಹುಟ್ಟಾ ಅಶಕ್ತ ಅಂತ ಕೋರ್ಟಿನಲ್ಲಿ ಚಿತ್ರಿಸಬೇಕು. 2021ರಲ್ಲಿ ಟಾನ್-ಆಂಡಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ವಲ್ಪ ಸಡಿಲಿಸಿ, ಇದು ಕಾಯಿಲೆಯ ಪ್ರಶ್ನೆ ಅಲ್ಲ, ಮನೋವೈದ್ಯರ ಸಾಕ್ಷಿ ಕಡ್ಡಾಯ ಅಲ್ಲ ಅಂದಿತು. ಆದರೂ ವಕೀಲರ ಫೀಸು, ವರ್ಷಗಟ್ಟಲೆ ಅಲೆದಾಟ ತಪ್ಪಿಲ್ಲ. ದುಡ್ಡಿದ್ದವರಿಗೆ ಬೇರೆ ಹೆಸರಿನಲ್ಲಿ ವಿಚ್ಛೇದನ ಇದೆ, ಇಲ್ಲದವರಿಗೆ ಇಲ್ಲ. ಚರ್ಚೆಯಲ್ಲಿ ಎಲ್ಲರೂ ನುಂಗಿಕೊಳ್ಳೋ ಸತ್ಯ ಇದೇ.

ಇದು ಅನಾದಿಕಾಲದ ಕ್ಯಾಥೊಲಿಕ್ ಸಂಪ್ರದಾಯ ಅಂತ ಹೇಳೋದೂ ಸುಳ್ಳು. ಅಮೆರಿಕನ್ನರ ಆಳ್ವಿಕೆಯಲ್ಲಿ, 1917ರ ಕಾಯ್ದೆಯಿಂದ ಸೀಮಿತ ವಿಚ್ಛೇದನ ಇತ್ತು. ಜಪಾನಿಗಳ ಕಾಲದಲ್ಲಿ 1943ರಲ್ಲಿ ಅದು ಇನ್ನೂ ವಿಸ್ತಾರವಾಯಿತು. ಪೂರ್ತಿ ಬಾಗಿಲು ಮುಚ್ಚಿದ್ದು 1950ರಲ್ಲಿ ಜಾರಿಗೆ ಬಂದ ಸಿವಿಲ್ ಕೋಡ್, ಅಂದರೆ ಸ್ವತಂತ್ರ ಫಿಲಿಪ್ಪೀನ್ಸ್.

ಸಲಿಂಗಿಗಳಿಗಂತೂ ಒಳಬರೋ ದಾರಿಯೇ ಇಲ್ಲ. ಮದುವೆ ಗಂಡು-ಹೆಣ್ಣಿನ ನಡುವೆ ಅಂತ ಸಂಹಿತೆಯ ಮೊದಲ ವಿಧಿಯೇ ಹೇಳುತ್ತದೆ. ಅದನ್ನು ಪ್ರಶ್ನಿಸಿದ ಫಾಲ್ಸಿಸ್ ಅರ್ಜಿಯನ್ನು 2019ರಲ್ಲಿ ಸುಪ್ರೀಂ ಕೋರ್ಟ್ ವಜಾ ಮಾಡಿತು.

ಹೊರಗೆ ನಿಂತ ಮಕ್ಕಳು

ಮದುವೆಯಿಂದ ಹೊರಬರಲಾಗದ ಜನ ಏನು ಮಾಡುತ್ತಾರೆ? ಸುಮ್ಮನೆ ಬೇರೆ ಹೋಗುತ್ತಾರೆ, ಬೇರೆಯವರ ಜೊತೆ ಸಂಸಾರ ಹೂಡುತ್ತಾರೆ. ಕಿರಿಯರು ಮದುವೆಯ ಗೊಡವೆಯೇ ಬೇಡ ಅಂತ ಹಾಗೇ ಕೂಡಿ ಬಾಳುತ್ತಾರೆ. ಪರಿಣಾಮ ಜನನ ನೋಂದಣಿಯಲ್ಲಿ ಕಾಣುತ್ತಿದೆ. ಈಚಿನ ವರ್ಷಗಳಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಹುಟ್ಟಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ತಂದೆ-ತಾಯಿ ಮದುವೆಯಾದವರಲ್ಲ. ಕಾನೂನಿನ ಭಾಷೆಯಲ್ಲಿ ಇವರೆಲ್ಲ 'ಅಕ್ರಮ ಮಕ್ಕಳು'. ಕುಟುಂಬ ಉಳಿಸೋ ಹೆಸರಿನಲ್ಲಿ ನಡೆಯುತ್ತಿರೋ ಕಾನೂನು ದೇಶದ ಹೊಸ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಜನರನ್ನು ಕುಟುಂಬದ ಹೊರಗೆ ನಿಲ್ಲಿಸಿದೆ.

ಇದು ಬರೀ ಪದದ ವಿಷಯ ಅಲ್ಲ. ಅಪ್ಪ ಸತ್ತಾಗ ಇಂಥ ಮಗುವಿಗೆ ಸಿಗೋದು ಮದುವೆಯೊಳಗೆ ಹುಟ್ಟಿದ ಮಗುವಿನ ಕಡ್ಡಾಯ ಪಾಲಿನ ಅರ್ಧ. ಅಪ್ಪ ಒಪ್ಪಿಕೊಳ್ಳದಿದ್ದರೆ ಅಮ್ಮನ ಅಡ್ಡಹೆಸರೇ ಕೊನೆಗೆ ಬರುತ್ತದೆ, ನಡುವಿನ ಹೆಸರು ಖಾಲಿ. ಶಾಲೆಯ ಅರ್ಜಿ, ಪಾಸ್‌ಪೋರ್ಟ್, ಕೆಲಸದ ಫಾರ್ಮ್, ಎಲ್ಲಾದರಲ್ಲೂ ಆ ಖಾಲಿ ಜಾಗ ನೋಡಿದವರಿಗೆ ಕಥೆ ತಿಳಿದುಹೋಗುತ್ತದೆ. ಅಪ್ಪ ಒಪ್ಪಿಕೊಂಡರೆ ಅವನ ಹೆಸರು ಬಳಸಬಹುದು ಅಂತ 2004ರಲ್ಲಿ ತಿದ್ದುಪಡಿ ಬಂತು. ಅಂದರೆ ಮಗುವಿನ ಹೆಸರಿನ ಬೀಗದ ಕೈ ಅಪ್ಪನ ಸಹಿಯಲ್ಲಿದೆ.

ಅಜ್ಜನ ಆಸ್ತಿಯ ವಿಷಯದಲ್ಲಿ ಇನ್ನೂ ಕಠಿಣ ನಿಯಮ ಇತ್ತು. ಉಯಿಲಿಲ್ಲದೆ ಅಜ್ಜ ತೀರಿಕೊಂಡರೆ, ಅವನ ಮಗ ಮದುವೆಯೊಳಗೆ ಹುಟ್ಟಿದವನಾಗಿದ್ದು ಮೊಮ್ಮಗ ಹಾಗಲ್ಲದಿದ್ದರೆ, ಮೊಮ್ಮಗನಿಗೆ ಏನೂ ಇಲ್ಲ. ವಕೀಲರು ಇದನ್ನು 'ಕಬ್ಬಿಣದ ಪರದೆ' ಅನ್ನುತ್ತಿದ್ದರು. 2021ರ ಡಿಸೆಂಬರ್‌ನಲ್ಲಿ ಅಕಿನೊ ವರ್ಸಸ್ ಅಕಿನೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಪರದೆ ಸರಿಸಿತು. ತಂದೆ-ತಾಯಿಯ ಮದುವೆ ಹೇಗೇ ಇರಲಿ, ಮೊಮ್ಮಕ್ಕಳು ಅಜ್ಜ-ಅಜ್ಜಿಯ ವಾರಸುದಾರರೇ ಅಂತ ಹೇಳಿತು. ತೀರ್ಪಿನಲ್ಲಿ 'ಅಕ್ರಮ' ಅನ್ನೋ ಪದ ಬಿಟ್ಟು 'ವಿವಾಹೇತರ ಮಕ್ಕಳು' ಅಂತ ಬಳಸಿತು. ಅರ್ಧ ಪಾಲಿನ ನಿಯಮಕ್ಕೆ ಮಾತ್ರ ಈ ತೀರ್ಪು ಕೈ ಹಾಕಲಿಲ್ಲ. ಅದು ಕುಟುಂಬ ಸಂಹಿತೆಯಲ್ಲೇ ಬರೆದಿರೋದು, ಬದಲಿಸಬೇಕಾದವರು ಕಾಂಗ್ರೆಸ್ಸಿನವರು.